ಐಸಿಯುನಲ್ಲಿ ಔಷಧದ ಲೆಕ್ಕ ನೋಡುವವರು ಯಾರು?

ಯಲಬುರ್ಗಾ ಕಡೆಯ ಅಜ್ಜಿ. ವಯಸ್ಸು 68, ತೂಕ 45 ಕೆಜಿ. ಮೂತ್ರದ ಸೋಂಕು ರಕ್ತಕ್ಕೆ ಸೇರಿ, ಬಿಪಿ ಕುಸಿದು ಐಸಿಯುಗೆ ಬಂದಿದ್ದರು. ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ 1.2 ಎಂದಿತ್ತು. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ನೋಡುವ ಅಂಕಿ ಅದು. ಅದರ ಮುಂದೆ ಎಚ್ಚರಿಕೆಯ ಗುರುತೇನೂ ಇರಲಿಲ್ಲ, ಯಾಕೆಂದರೆ ನಮ್ಮ ಕಡೆಯ ಅನೇಕ ಲ್ಯಾಬ್‌ಗಳು 1.2 ಅನ್ನು ಸರಿಯಿರುವ ಅಂಕಿ ಎಂದೇ ಬರೆಯುತ್ತವೆ. ಇಪ್ಪತ್ತೈದರ ಗಟ್ಟಿಮುಟ್ಟಾದ ಹುಡುಗನಿಗೆ ಅದು ಸರಿಯೇ. ಈ ಅಜ್ಜಿಗೆ ಸರಿಯಲ್ಲ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡಗಳಿಂದ. ಬಡಕಲಾದ ಮೈಯಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಮೂತ್ರಪಿಂಡ ಸೋತಿದ್ದರೂ ಅಂಕಿ ಏರುವುದಿಲ್ಲ, ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ.

ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ಇಬ್ಬರು ವೈದ್ಯರು 1976ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. 140ರಲ್ಲಿ ವಯಸ್ಸನ್ನು ಕಳೆದು, ಬಂದದ್ದನ್ನು ತೂಕದಿಂದ ಗುಣಿಸಬೇಕು. ಆಮೇಲೆ ಕ್ರಿಯಾಟಿನಿನ್ ಅನ್ನು 72ರಿಂದ ಗುಣಿಸಿ, ಅದರಿಂದ ಭಾಗಿಸಬೇಕು. ಹೆಂಗಸರಾದರೆ ಉತ್ತರವನ್ನು 0.85ರಿಂದ ಗುಣಿಸಬೇಕು. ಅಜ್ಜಿಯ ಲೆಕ್ಕ 32 ಬಂತು. ಆರೋಗ್ಯವಂತ ಯುವಕರಲ್ಲಿ ಇದು 100ರ ಮೇಲಿರುತ್ತದೆ. ಅಂದರೆ ವರದಿಯಲ್ಲಿ ‘ಸರಿ’ ಎಂದಿದ್ದ ಮೂತ್ರಪಿಂಡ ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಕೆಲಸ ಮಾಡುತ್ತಿತ್ತು.

ಅಜ್ಜಿಗೆ ಬರೆದಿದ್ದ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ಅನ್ನು ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ 1 ಗ್ರಾಂ ಕೊಡುತ್ತಾರೆ. ಮೂತ್ರಪಿಂಡ ಈ ಮಟ್ಟಕ್ಕೆ ಇಳಿದಿದ್ದರೆ ಹನ್ನೆರಡು ಗಂಟೆಗೊಮ್ಮೆ ಸಾಕು. ಇಲ್ಲದಿದ್ದರೆ ಔಷಧ ಮೈಯಲ್ಲೇ ಉಳಿದು ಫಿಟ್ಸ್ ತರಬಹುದು. ಆದರೆ ಮೊದಲ ದಿನವೇ ಇಳಿಸಬಹುದೇ? ಆಗ ಜೀವ ತೆಗೆಯುತ್ತಿರುವುದು ಸೋಂಕು. ಮೊದಲ ಒಂದೆರಡು ದಿನ ಪೂರ್ತಿ ಡೋಸ್ ಕೊಟ್ಟು, ಮೂತ್ರ ಎಷ್ಟು ಬರುತ್ತಿದೆ ಎಂದು ನೋಡುತ್ತ ಆಮೇಲೆ ಇಳಿಸುವುದು ಎಷ್ಟೋ ಸಲ ಸರಿಯಾದ ದಾರಿ. ಪಟ್ಟಿಯಲ್ಲಿ ಅಮಿಕಾಸಿನ್ ಕೂಡ ಇದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಅದು ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡುವ ಔಷಧ, ಈಗಲೇ ಬೇಕೇ? ಇವನ್ನೆಲ್ಲ ಹಾಸಿಗೆಯ ಪಕ್ಕದಲ್ಲೇ ಡಾಕ್ಟರ ಜೊತೆ ನಿಂತು ಮಾತಾಡಿ ತೀರ್ಮಾನಿಸುವುದು ನನ್ನ ಕೆಲಸ.

ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ಊರು ಕುಷ್ಟಗಿ ತಾಲ್ಲೂಕಿನಲ್ಲಿ, ಹನುಮಸಾಗರದ ಹತ್ತಿರ. ಕೆಲಸ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಆಂಬುಲೆನ್ಸ್ ಬಂದಾಗ ಮಾತಿನ ಧಾಟಿಯಲ್ಲೇ ನಮ್ಮವರೆಂದು ಗೊತ್ತಾಗುತ್ತದೆ. ‘ನೀವು ಡಾಕ್ಟ್ರೇನ್ರಿ ಯಕ್ಕಾರ, ಸಿಸ್ಟರೇನ್ರಿ?’ ಎಂದು ಅವರು ಕೇಳುತ್ತಾರೆ. ‘ಎರಡೂ ಅಲ್ರಿ, ನಿಮ್ಮವ್ವಗ ಕೊಡೂ ಔಷಧ ಎಲ್ಲಾ ಸರಿ ಐತೇನಂತ ನೋಡಾಕಿ’ ಅಂದರೆ ಅವರ ಮುಖದಲ್ಲಿ ಇನ್ನೊಂದು ಪ್ರಶ್ನೆ ಕಾಣುತ್ತದೆ: ಹಾಗೆ ನೋಡಲಿಕ್ಕೆಂದೇ ಒಬ್ಬರು ಬೇಕೇ? ಬೇಕು. ಯಾಕೆ ಬೇಕು ಎನ್ನುವುದನ್ನು ನಮ್ಮ ಕೊಪ್ಪಳ ಜಿಲ್ಲೆಯ ಜನರಿಗೆ ತಿಳಿಯುವಂತೆ ಹೇಳಲು ಈ ಬರಹ.

ಐಸಿಯುನಲ್ಲಿ ಮಲಗಿದ ಒಬ್ಬ ರೋಗಿಗೆ ದಿನಕ್ಕೆ ಹತ್ತು ಹದಿನೈದು ಬಗೆಯ ಔಷಧ ಹೋಗುವುದು ಮಾಮೂಲು. ಬಿಪಿ ಎತ್ತಿ ಹಿಡಿಯಲು ನಾರ್‌ಅಡ್ರಿನಲಿನ್, ನಿದ್ದೆಗೆ ಮಿಡಾಜೊಲಾಮ್, ನೋವಿಗೆ ಫೆಂಟನಿಲ್, ಎರಡು ಆಂಟಿಬಯೋಟಿಕ್, ಹೊಟ್ಟೆ ಹುಣ್ಣಾಗದಂತೆ ಪ್ಯಾಂಟೊಪ್ರಜೋಲ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ಇನ್ಸುಲಿನ್, ಪೊಟ್ಯಾಸಿಯಮ್. ಇವಕ್ಕೆಲ್ಲ ಇರುವುದು ಎರಡೋ ಮೂರೋ ನಾಳದ ದಾರಿಗಳು. ಒಂದೇ ನಳಿಕೆಯಲ್ಲಿ ಪ್ಯಾಂಟೊಪ್ರಜೋಲ್ ಮತ್ತು ಮಿಡಾಜೊಲಾಮ್ ಕೂಡಿದರೆ ಗಸಿ ಕಟ್ಟುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಅನ್ನು ಗ್ಲೂಕೋಸ್ ಬಾಟಲಿಗೆ ಹಾಕಿದರೆ ಹರಳಾಗುತ್ತದೆ, ಅದಕ್ಕೆ ಉಪ್ಪುನೀರಿನ ಸಲೈನೇ ಬೇಕು. ಸೋಡಿಯಂ ಬೈಕಾರ್ಬೊನೇಟ್ ಹೋಗುವ ದಾರಿಯಲ್ಲೇ ನಾರ್‌ಅಡ್ರಿನಲಿನ್ ಬಿಟ್ಟರೆ ಅದು ಶಕ್ತಿ ಕಳೆದುಕೊಳ್ಳುತ್ತದೆ. ಹಸುಗೂಸುಗಳಲ್ಲಿ ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಸೇರಿ ಪ್ರಾಣವೇ ಹೋದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ.

ಪೊಟ್ಯಾಸಿಯಮ್ ಕ್ಲೋರೈಡ್‌ನ 10 ಎಂಎಲ್ ಆಂಪ್ಯೂಲ್ ನೋಡಲು ಮಾಮೂಲಿ ನೀರಿನ ಆಂಪ್ಯೂಲಿನಂತೆಯೇ ಇರುತ್ತದೆ. ಅದನ್ನು ಸಲೈನಿನಲ್ಲಿ ಬೆರೆಸಿ, ಗಂಟೆಗಟ್ಟಲೆ ನಿಧಾನವಾಗಿ ಬಿಡಬೇಕು. ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಹಾಗಾಗಿ ಅದನ್ನು ಬೇರೆ ಔಷಧಗಳ ಜೊತೆ ಇಡದೆ, ಬೇರೆ ಪೆಟ್ಟಿಗೆಯಲ್ಲಿ, ಎದ್ದು ಕಾಣುವ ಚೀಟಿ ಅಂಟಿಸಿ ಇಡುವ ಕ್ರಮ ಇರಬೇಕು. ಇಂಥ ಕ್ರಮಗಳನ್ನು ಬರೆದು, ನರ್ಸ್‌ಗಳಿಗೆ ಕಲಿಸಿ, ದಿನವೂ ಪಾಲನೆಯಾಗುತ್ತಿದೆಯೇ ಎಂದು ನೋಡುವುದೂ ನಮ್ಮ ಪಾಲಿನ ಕೆಲಸ.

ಮೂಗಿನ ನಳಿಕೆಯಲ್ಲಿ ಕೊಡುವ ಗುಳಿಗೆಗಳದ್ದೂ ಒಂದು ಕಥೆ. ರೋಗಿ ನುಂಗಲಾರ, ಹಾಗಾಗಿ ಗುಳಿಗೆ ಕುಟ್ಟಿ ನೀರಲ್ಲಿ ಕದಡಿ ಬಿಡುತ್ತಾರೆ. ಎಲ್ಲ ಗುಳಿಗೆಯನ್ನೂ ಕುಟ್ಟುವಂತಿಲ್ಲ. ಹೆಸರಿನ ಮುಂದೆ ಎಕ್ಸ್‌ಎಲ್, ಎಸ್‌ಆರ್, ಸಿಆರ್ ಎಂದು ಬರೆದಿದ್ದರೆ ಅದು ದಿನವಿಡೀ ನಿಧಾನವಾಗಿ ಕರಗಲೆಂದು ಮಾಡಿದ ಗುಳಿಗೆ. ಕುಟ್ಟಿದರೆ ಇಡೀ ದಿನದ ಔಷಧ ಒಂದೇ ಸಲ ರಕ್ತಕ್ಕೆ ಹೋಗುತ್ತದೆ. ಬಿಪಿಗೆ ಕೊಡುವ ಇಂಥ ಮೆಟೊಪ್ರೊಲಾಲ್ ಗುಳಿಗೆಯನ್ನು ಕುಟ್ಟಿ ಕೊಟ್ಟ ಮೇಲೆ ನಾಡಿ ಇಳಿದರೆ, ಕಾರಣವನ್ನು ಹೃದಯದಲ್ಲಿ ಹುಡುಕುವ ಮೊದಲು ಕಲ್ಬತ್ತಿನಲ್ಲಿ ಹುಡುಕಬೇಕು. ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ನಳಿಕೆಯಲ್ಲಿ ಊಟ ಕೊಡುವ ಕುಟುಂಬಗಳು ನಮ್ಮ ಊರುಗಳಲ್ಲೂ ಇವೆ. ಈ ಮಾತು ಅವರಿಗೂ ಸೇರಿದ್ದು.

ಇನ್ನೊಂದು ಜೋಡಿಯನ್ನು ಹೇಳಲೇಬೇಕು. ಫಿಟ್ಸ್ ಇರುವ ರೋಗಿ ಸೋಡಿಯಂ ವಾಲ್‌ಪ್ರೊಯೇಟ್ ಮೇಲಿರುತ್ತಾನೆ. ನ್ಯುಮೋನಿಯಾ ಆಯಿತೆಂದು ಮೆರೊಪೆನೆಮ್ ಶುರು ಮಾಡುತ್ತಾರೆ. ಒಂದೆರಡು ದಿನಗಳಲ್ಲಿ ರಕ್ತದಲ್ಲಿನ ವಾಲ್‌ಪ್ರೊಯೇಟ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಫಿಟ್ಸ್ ಮರಳಿ ಬರುತ್ತದೆ. ವಾಲ್‌ಪ್ರೊಯೇಟ್ ಡೋಸ್ ಏರಿಸಿದರೂ ಪ್ರಯೋಜನವಿಲ್ಲ. ಒಂದೋ ಆಂಟಿಬಯೋಟಿಕ್ ಬದಲಿಸಬೇಕು, ಇಲ್ಲವೇ ಫಿಟ್ಸ್‌ಗೆ ಬೇರೆ ಔಷಧ ಸೇರಿಸಬೇಕು. ಇಪ್ಪತ್ತು ರೋಗಿಗಳ ಉಸಿರು, ರಕ್ತ, ಎಕ್ಸ್‌ರೇ, ಮನೆಯವರ ಕಣ್ಣೀರು ಎಲ್ಲವನ್ನೂ ಹೊತ್ತು ಓಡಾಡುವ ಡಾಕ್ಟರು ಇಂಥ ಪ್ರತಿ ಜೋಡಿಯನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬಯಸುವುದು ನ್ಯಾಯವಲ್ಲ. ಅದಕ್ಕೆಂದೇ ಆರು ವರ್ಷ ಓದಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ನ್ಯಾಯ.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. ಗಂಗಾವತಿ, ಕಾರಟಗಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಒಣಬೇಸಾಯದ ಸೀಮೆ, ಬೋರ್‌ವೆಲ್ ಇದ್ದಲ್ಲಿ ದಾಳಿಂಬೆ. ಎರಡೂ ಕಡೆ ಎಣ್ಣಿ ಹೊಡೆಯದ ಮನೆ ಸಿಗುವುದು ಕಷ್ಟ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಮ್ಮ ಜನ ಕರೆಯುವುದೇ ಎಣ್ಣಿ ಎಂದು. ಬಿಸಿಲಲ್ಲಿ ಬರಿಗೈಯಲ್ಲಿ ಹೊಡೆಯುತ್ತ ಮೈಗೆ ಸೋಕಿಸಿಕೊಂಡವರು, ನೀರಿನ ಬಾಟಲಿಗೆ ಸುರಿದಿಟ್ಟದ್ದನ್ನು ತಿಳಿಯದೆ ಕುಡಿದ ಮಕ್ಕಳು, ಬದುಕು ಸಾಕೆನಿಸಿದ ಗಳಿಗೆಯಲ್ಲಿ ಕುಡಿದವರು, ಎಲ್ಲರೂ ಬಂದು ಸೇರುವುದು ಐಸಿಯುಗೇ.

‘ಏನು ಕುಡಿದಾರ್ರಿ?’ ಎಂದರೆ ‘ಎಣ್ಣಿ ರೀ’ ಎಂಬ ಉತ್ತರ. ಯಾವ ಎಣ್ಣಿ? ಇದು ಜೀವ ಉಳಿಸುವ ಪ್ರಶ್ನೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಡೈಮೆಥೊಯೇಟ್‌ನಂಥ ಆರ್ಗನೋಫಾಸ್ಫರಸ್ ವಿಷಗಳು ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನು ಅಳಿಸಿಹಾಕುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಸಂದೇಶ ನಿಲ್ಲದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಎದೆಯೊಳಗೆ ನೀರು ತುಂಬುತ್ತದೆ, ನಾಡಿ ಇಳಿಯುತ್ತದೆ. ಇದಕ್ಕೆ ಅಟ್ರೋಪಿನ್ ಬೇಕು. ಅದೇ ಕಳೆನಾಶಕ ಪ್ಯಾರಾಕ್ವಾಟ್ ಆಗಿದ್ದರೆ ಅಟ್ರೋಪಿನ್‌ನಿಂದ ಏನೂ ಆಗದು, ಅನಗತ್ಯವಾಗಿ ಕೊಡುವ ಆಮ್ಲಜನಕ ಶ್ವಾಸಕೋಶವನ್ನು ಇನ್ನಷ್ಟು ಸುಡುತ್ತದೆ. ಒಂದೇ ಬಾಟಲಿಯಲ್ಲಿ ಎರಡು ವಿಷ ಬೆರೆಸಿ ಮಾರುವುದೂ ಉಂಟು. ಮಾರಾಟದ ಹೆಸರು ದೊಡ್ಡಕ್ಷರದಲ್ಲಿ, ಒಳಗಿನ ರಾಸಾಯನಿಕದ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ. ನಮಗೆ ಬೇಕಾದ್ದು ಆ ಸಣ್ಣಕ್ಷರ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ವಿಷ ಎಷ್ಟು ತೀಕ್ಷ್ಣವೆಂದು ಹೇಳುತ್ತದೆ, ಯಾವ ವಿಷವೆಂದು ಹೇಳುವುದಿಲ್ಲ.

ಅಟ್ರೋಪಿನ್ ಲೆಕ್ಕ ಕೇಳಿ. ನಮ್ಮಲ್ಲಿ ಸಿಗುವ ಮಾಮೂಲಿ ಆಂಪ್ಯೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ತೀವ್ರ ವಿಷಕ್ಕೆ ಮೊದಲ ಡೋಸ್ 3 ಮಿಲಿಗ್ರಾಂ ಎಂದರೆ 5 ಆಂಪ್ಯೂಲ್. ಐದು ನಿಮಿಷದಲ್ಲಿ ಎದೆ ಒಣಗಲಿಲ್ಲ, ನಾಡಿ ಏರಲಿಲ್ಲ ಎಂದರೆ ಅದರ ಎರಡರಷ್ಟು, 10 ಆಂಪ್ಯೂಲ್. ಮತ್ತೆ ಐದು ನಿಮಿಷಕ್ಕೆ 20. ಮತ್ತೆ 40. ಕಾಲು ಗಂಟೆಯಲ್ಲಿ 75 ಆಂಪ್ಯೂಲ್, 45 ಮಿಲಿಗ್ರಾಂ. ಬೇರೆ ಯಾವ ಸಂದರ್ಭದಲ್ಲೂ ಯಾರೂ ಕೊಡದಷ್ಟು ಪ್ರಮಾಣವಿದು. ಅದನ್ನು ಕೊಡಲು ಅಂಜಿದರೆ ರೋಗಿ ತನ್ನದೇ ಎದೆಯ ನೀರಲ್ಲಿ ಮುಳುಗುತ್ತಾನೆ. ಎದೆ ಒಣಗಿದ ಮೇಲೆ, ಒಟ್ಟು ಕೊಟ್ಟದ್ದರ ಶೇ. 10ರಿಂದ 20ರಷ್ಟನ್ನು ಪ್ರತಿ ಗಂಟೆಗೆ ಡ್ರಿಪ್‌ನಲ್ಲಿ ಬಿಡಬೇಕು. ಹೆಚ್ಚಾದರೆ ಜ್ವರ ಏರುತ್ತದೆ, ರೋಗಿ ಗೊಂದಲಗೊಂಡು ಹಾಸಿಗೆ ಕಿತ್ತಾಡುತ್ತಾನೆ, ಮೂತ್ರ ಕಟ್ಟುತ್ತದೆ, ಹೊಟ್ಟೆಯ ಸದ್ದು ಅಡಗುತ್ತದೆ. ಆಗ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಡಿಮೆಯಲ್ಲಿ ಮತ್ತೆ ಶುರು ಮಾಡಬೇಕು. ಈ ಲೆಕ್ಕವನ್ನು ಒಬ್ಬರು ಬಿಡದೆ ಬರೆಯುತ್ತ, ಇನ್ನೊಬ್ಬರು ಆಂಪ್ಯೂಲ್ ಒಡೆಯುತ್ತ, ಮತ್ತೊಬ್ಬರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತ ಇರಬೇಕು. ಬರೆಯುವುದು ನನ್ನ ಪಾಲಿನದು. ಈ ರಾತ್ರಿ ಇಂಥ ಇಬ್ಬರು ರೋಗಿಗಳು ಬಂದರೆ ಉಗ್ರಾಣದಲ್ಲಿ ಸಾಕಷ್ಟು ಅಟ್ರೋಪಿನ್ ಇದೆಯೇ ಎಂದು ಸಂಜೆಯೇ ನೋಡಿಡುವುದೂ ನನ್ನದೇ.

ಇನ್ನೂ ಒಂದು ಸೂಕ್ಷ್ಮವಿದೆ. ಉಸಿರಿನ ನಳಿಕೆ ಹಾಕುವ ಮೊದಲು ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಡುವ ರೂಢಿಯಿದೆ. ಮಾಮೂಲಿಯಾಗಿ ಅದರ ಪರಿಣಾಮ ಕೆಲವೇ ನಿಮಿಷ. ಆದರೆ ಅದನ್ನು ಒಡೆಯುವ ಕಿಣ್ವವನ್ನೂ ಈ ವಿಷ ಕಟ್ಟಿಹಾಕಿರುತ್ತದೆ. ನಿಮಿಷಗಳಲ್ಲಿ ಮುಗಿಯಬೇಕಾದ ಸ್ನಾಯು ಸಡಿಲಿಕೆ ಗಂಟೆಗಟ್ಟಲೆ ಉಳಿಯುತ್ತದೆ. ಅದಕ್ಕೇ ಬೇರೆ ಔಷಧವನ್ನು ಸಿದ್ಧವಾಗಿಟ್ಟು ಕೈಗೆ ಕೊಡಬೇಕಾಗುತ್ತದೆ.

ಬದುಕು ಸಾಕೆಂದು ವಿಷ ಕುಡಿದು, ಚೇತರಿಸಿಕೊಂಡು ಕಣ್ಣು ಬಿಟ್ಟವರ ಜೊತೆ ಮನೆಯವರು ಜಗಳ ತೆಗೆಯಬಾರದು, ಬೈಯಬಾರದು. ಮನಸ್ಸು ಕುಗ್ಗಿದವರು ಹಗಲು ರಾತ್ರಿ ಯಾವಾಗ ಬೇಕಾದರೂ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು. ಅದು ಉಚಿತ. ಈ ಅಂಕಿಯನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ಹಾವಿನ ಮಾತು ಚಿಕ್ಕದಾಗಿ ಹೇಳುತ್ತೇನೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಭತ್ತದ ಗದ್ದೆಯಲ್ಲಿ ಇದು ದಿನದ ಭಯ. ವಿಷಹಾರಿ ಚುಚ್ಚುಮದ್ದು ಹೆಚ್ಚಾಗಿ ಪುಡಿಯ ರೂಪದಲ್ಲಿ ಬರುತ್ತದೆ. ನೀರು ಬೆರೆಸಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆಯಾಗುತ್ತದೆ. ಜೊತೆಗೆ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಸಿದ್ಧವಿರಬೇಕು, ಅಲರ್ಜಿ ಆದರೆ ಹುಡುಕಲು ಹೊತ್ತಿರುವುದಿಲ್ಲ. ಮಗು ಚಿಕ್ಕದೆಂದು ಡೋಸ್ ಇಳಿಸುವಂತಿಲ್ಲ, ಹಾವು ಬಿಟ್ಟ ವಿಷ ದೊಡ್ಡವರಿಗೂ ಮಕ್ಕಳಿಗೂ ಒಂದೇ.

ವಿಷಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ನೋವಿನ ಗುಳಿಗೆ. ನಮ್ಮ ಕಡೆ ಮೊಣಕಾಲು ನೋವಿಲ್ಲದ ಹಿರಿಯರು ವಿರಳ. ಸಂತೆಗೆ ಹೋದಾಗ ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಗುಳಿಗೆಯ ಒಂದು ಪಟ್ಟಿ, ಇಲ್ಲವೇ ಊರಿನ ಡಾಕ್ಟರ ಹತ್ತಿರ ಒಂದು ಸೂಜಿ. ಅದೇ ಹಿರಿಯರು ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ನೀರಿಳಿಸುವ ಔಷಧ ಕೂಡಿದ ಗುಳಿಗೆ ನುಂಗುತ್ತಿರುತ್ತಾರೆ. ಈ ಮೂರೂ ಒಟ್ಟಾದರೆ ಏನಾಗುತ್ತದೆ? ಮೂತ್ರಪಿಂಡದ ಸೋಸುವ ಭಾಗವನ್ನು ಎರಡು ತೂಬುಗಳ ನಡುವಿನ ಕಾಲುವೆ ಎಂದುಕೊಳ್ಳಿ. ಒಳಗೆ ರಕ್ತ ಬಿಡುವ ಮೇಲಿನ ತೂಬು ತೆರೆದಿರಬೇಕು, ಹೊರಗೆ ಬಿಡುವ ಕೆಳಗಿನ ತೂಬು ತುಸು ಬಿಗಿಯಾಗಿರಬೇಕು, ಆಗ ನಡುವೆ ಒತ್ತಡ ನಿಂತು ಸೋಸುವಿಕೆ ನಡೆಯುತ್ತದೆ. ನೋವಿನ ಗುಳಿಗೆ ಮೇಲಿನ ತೂಬನ್ನು ಮುಚ್ಚುತ್ತದೆ. ಟೆಲ್ಮಿಸಾರ್ಟಾನ್ ಕೆಳಗಿನದನ್ನು ಸಡಿಲಿಸುತ್ತದೆ. ನೀರಿಳಿಸುವ ಔಷಧ ಕಾಲುವೆಗೆ ಬರುವ ನೀರನ್ನೇ ಕಡಿಮೆ ಮಾಡುತ್ತದೆ. ಇದರ ಮೇಲೆ ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು, ಒಂದು ದಿನದ ವಾಂತಿ ಭೇದಿ. ಮೂತ್ರ ನಿಂತು ಬಂದ ಎಷ್ಟೋ ಹಿರಿಯರ ಕಥೆ ಇಷ್ಟೇ ಸರಳ, ಇಷ್ಟೇ ತಪ್ಪಿಸಬಹುದಾದದ್ದು. ಬೇಗ ಗೊತ್ತಾದರೆ ಆ ಗುಳಿಗೆಗಳನ್ನು ನಿಲ್ಲಿಸಿ ಸಲೈನ್ ಹಚ್ಚಿದರೆ ಬಹಳ ಮಂದಿ ಸುಧಾರಿಸುತ್ತಾರೆ. ಗೊತ್ತಾಗುವುದು ಯಾರಾದರೂ ಕೂತು ಕೇಳಿದಾಗ ಮಾತ್ರ.

ಕೇಳುವುದಕ್ಕೂ ಒಂದು ರೀತಿಯಿದೆ. ‘ಏನಾದ್ರೂ ಔಷಧ ತಗೋತಿದ್ರಾ?’ ಎಂದರೆ ‘ಇಲ್ಲ ರೀ’ ಎಂದೇ ಬರುತ್ತದೆ. ‘ಅವ್ವಗ ಮೊಣಕಾಲು ಬ್ಯಾನಿ ಇತ್ತೇನ್ರಿ? ಅದಕ್ಕ ಏನು ಹಾಕ್ತಿದ್ರಿ? ಸೂಜಿ ಮಾಡಿಸಿದ್ರೇನು? ಮೆಡಿಕಲ್‌ದಾಗ ಏನರ ತಂದ್ರೇನು? ನಾಟಿ ಔಷಧ ಐತೇನು?’ ಎಂದು ಬಿಡಿಸಿ ಕೇಳಿದರೆ ಒಂದೊಂದಾಗಿ ಹೊರಬರುತ್ತದೆ. ಸೊಸೆಗೆ ಗೊತ್ತಿಲ್ಲದ್ದು ಮೊಮ್ಮಗನಿಗೆ ಗೊತ್ತಿರುತ್ತದೆ, ತಂದುಕೊಡುವವನು ಅವನೇ. ಪುಸ್ತಕ ಕಲಿಸದ ಈ ಪಾಠವನ್ನು ನನಗೆ ಕಲಿಸಿದ್ದು ನಮ್ಮೂರ ಕಟ್ಟೆ.

ನಮ್ಮ ಜಿಲ್ಲೆಯ ರೋಗಿಗೆ ಇನ್ನೊಂದು ತೊಂದರೆಯಿದೆ, ದೂರ. ತಾಲ್ಲೂಕು ಆಸ್ಪತ್ರೆಯಿಂದ ಕೊಪ್ಪಳ, ಅಲ್ಲಿಂದ ಹುಬ್ಬಳ್ಳಿ ಅಥವಾ ಬಳ್ಳಾರಿ. ಹುಬ್ಬಳ್ಳಿಗೆ ಕೊಪ್ಪಳದಿಂದಲೇ ನೂರು ಕಿಲೋಮೀಟರಿಗೂ ಹೆಚ್ಚು. ಪ್ರತಿ ನಿಲ್ದಾಣದಲ್ಲಿ ಒಂದು ಚೀಟಿ. ಚೀಟಿಯಲ್ಲಿ ‘ಇಂಜೆಕ್ಷನ್ ಕೊಟ್ಟಿದೆ’ ಎಂದಿರುತ್ತದೆ, ಎಷ್ಟು, ಎಷ್ಟು ಗಂಟೆಗೆ ಎಂದಿರುವುದಿಲ್ಲ. ಫಿಟ್ಸ್‌ಗೆ ಫೆನಿಟೋಯಿನ್‌ನ ದೊಡ್ಡ ಡೋಸ್ ಮೊದಲ ಕಡೆ ಕೊಟ್ಟಿದ್ದು ತಿಳಿಯದೆ ಎರಡನೇ ಕಡೆ ಮತ್ತೆ ಕೊಟ್ಟರೆ ಬಿಪಿ ಬೀಳುತ್ತದೆ, ಹೃದಯದ ಲಯ ತಪ್ಪುತ್ತದೆ. ರಕ್ತ ತೆಳುವಾಗಿಸುವ ಇನಾಕ್ಸಾಪರಿನ್ ಎರಡು ಸಲ ಹೋದರೆ ಒಳಗೇ ರಕ್ತಸ್ರಾವವಾಗಬಹುದು. ಹಾಗಾಗಿ ರೋಗಿ ಬಂದ ಕೂಡಲೇ ಹಿಂದಿನ ಆಸ್ಪತ್ರೆಗೆ ಫೋನ್ ಹಚ್ಚಿ, ರಾತ್ರಿ ಪಾಳಿಯ ಸಿಸ್ಟರನ್ನು ಹುಡುಕಿ, ಡೋಸ್ ಮತ್ತು ಗಂಟೆ ಬರೆದುಕೊಳ್ಳುತ್ತೇನೆ. ಅವರು ಯಾವತ್ತೂ ಬೇಸರಿಸದೆ ಹೇಳಿದ್ದಾರೆ. ಕೊರತೆ ಅವರ ಮನಸ್ಸಿನದ್ದಲ್ಲ, ಬರೆಯಲು ಒಂದು ಹೆಚ್ಚಿನ ಕೈ ಇಲ್ಲದ್ದು.

ಐಸಿಯುನಿಂದ ಹೊರಗೆ ಹೋಗುವ ಬಾಗಿಲಲ್ಲೂ ಅಷ್ಟೇ ಎಚ್ಚರ ಬೇಕು. ಹೊಟ್ಟೆ ಹುಣ್ಣಾಗದಂತೆ ಐದು ದಿನಕ್ಕೆಂದು ಶುರು ಮಾಡಿದ ಪ್ಯಾಂಟೊಪ್ರಜೋಲ್ ಅನ್ನು ವರ್ಷಗಟ್ಟಲೆ ನುಂಗುವವರಿದ್ದಾರೆ, ಯಾಕೆಂದರೆ ನಿಲ್ಲಿಸಿ ಎಂದು ಯಾರೂ ಬರೆದಿಲ್ಲ. ಇನ್ಸುಲಿನ್ ಬಾಟಲಿ ನಮ್ಮಲ್ಲಿ ಸಾಮಾನ್ಯವಾಗಿ ಎಂಎಲ್‌ಗೆ 40 ಯೂನಿಟ್‌ನದು, ಅದರ ಸಿರಿಂಜಿನ ಟೊಪ್ಪಿಗೆ ಕೆಂಪು. ಎಂಎಲ್‌ಗೆ 100 ಯೂನಿಟ್‌ನದೂ ಇದೆ, ಅದರ ಸಿರಿಂಜಿನ ಟೊಪ್ಪಿಗೆ ಕಿತ್ತಳೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ, ಸಕ್ಕರೆ ಕುಸಿದು ರೋಗಿ ಮರಳಿ ಐಸಿಯುಗೇ ಬರುತ್ತಾನೆ. ಡಿಸ್ಚಾರ್ಜ್ ದಿನ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಬಾಟಲಿ, ಸಿರಿಂಜ್ ಎರಡನ್ನೂ ಕೈಗೆ ಕೊಟ್ಟು ಎಳೆಸಿ ನೋಡುತ್ತೇನೆ.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಭಾರತದಲ್ಲಿ ಫಾರ್ಮಸಿಸ್ಟರು ಅಂಗಡಿ, ಕಾರ್ಖಾನೆ ಬಿಟ್ಟು ವಾರ್ಡಿಗೆ ಬಂದ ಮೊದಲ ಊರುಗಳಲ್ಲಿ ಮೈಸೂರು ಒಂದು. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಮತ್ತು ಊಟಿಯ ಜೆಎಸ್ಎಸ್ ಫಾರ್ಮಸಿ ಕಾಲೇಜುಗಳು ಆಸ್ಟ್ರೇಲಿಯಾದ ಅಡಿಲೇಡ್‌ನ ರಿಪ್ಯಾಟ್ರಿಯೇಷನ್ ಜನರಲ್ ಆಸ್ಪತ್ರೆಯ ನೆರವಿನಿಂದ ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಸ್ನಾತಕೋತ್ತರ ಓದು ಶುರು ಮಾಡಿದವು. ಮೈಸೂರಿನ ಜಿ. ಪಾರ್ಥಸಾರಥಿ ಅವರು ಕರಿನ್ ನೈಫೋರ್ಟ್-ಹ್ಯಾನ್ಸನ್ ಮತ್ತು ಮಿಲಾಪ್ ನಹಾತಾ ಜೊತೆ ಸಂಪಾದಿಸಿದ ಕ್ಲಿನಿಕಲ್ ಫಾರ್ಮಸಿಯ ಪಠ್ಯಪುಸ್ತಕ 2004ರಲ್ಲಿ ಬಂತು. ನನ್ನಂಥವರೆಲ್ಲ ಓದಿದ್ದು ಅದನ್ನೇ. 2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಫಾರ್ಮ್.ಡಿ ಪದವಿಯನ್ನು ತಂದಿತು: ಐದು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದವು, 2021ರ ತಿದ್ದುಪಡಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಸ್ಥಾನವನ್ನೂ ಹೆಸರಿಸಿತು.

ಇದರಿಂದ ಪ್ರಯೋಜನವಾಗುತ್ತದೆಯೇ ಎಂದು ಕೇಳುವವರಿಗೆ ಹಳೆಯದೊಂದು ಅಧ್ಯಯನವನ್ನು ತೋರಿಸುತ್ತೇನೆ. ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಐಸಿಯುನಲ್ಲಿ ಒಬ್ಬ ಹಿರಿಯ ಫಾರ್ಮಸಿಸ್ಟರನ್ನು ಬೆಳಗಿನ ರೌಂಡ್ಸ್‌ಗೆ ಸೇರಿಸಿದರು. 1999ರಲ್ಲಿ ಲೂಸಿಯನ್ ಲೀಪ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಔಷಧ ಬರೆಯುವ ಹಂತದ ತಪ್ಪಿನಿಂದಾಗುವ, ತಡೆಯಬಹುದಾದ ಹಾನಿ ಶೇ. 66ರಷ್ಟು ಇಳಿದಿತ್ತು. ನನಗೆ ಹೆಚ್ಚು ಮುಖ್ಯವೆನಿಸುವುದು ಅದರಲ್ಲಿನ ಇನ್ನೊಂದು ಅಂಕಿ: ಆ ಫಾರ್ಮಸಿಸ್ಟ್ ಕೊಟ್ಟ 366 ಸಲಹೆಗಳಲ್ಲಿ 362ನ್ನು ಡಾಕ್ಟರುಗಳು ಒಪ್ಪಿದರು. ತಪ್ಪು ಹುಡುಕಲು ಬಂದವಳೆಂದು ಡಾಕ್ಟರು ಸಿಟ್ಟಾಗುವುದಿಲ್ಲವೇ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ. ಬರೆಯುವ ಮೊದಲೇ ತಿರುಗಿ ‘ಡೋಸ್ ಎಷ್ಟಿರಲಿ?’ ಎಂದು ಕೇಳುತ್ತಾರೆ. ತೀರ್ಮಾನ ಅವರದೇ, ಹೊಣೆಯೂ ಅವರದೇ. ಆ ತೀರ್ಮಾನಕ್ಕೆ ಬೇಕಾದ ಲೆಕ್ಕ ನನ್ನದು.

ಖರ್ಚಿನ ಮಾತೂ ಬರುತ್ತದೆ. ರೋಗಾಣು ಯಾವುದೆಂದು ಹೇಳುವ ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ದೊಡ್ಡ ಆಂಟಿಬಯೋಟಿಕ್ ಕೊಡುವುದು ಸರಿ. ವರದಿ ಬಂದ ಮೇಲೆ ಸಣ್ಣದು ಸಾಕೆಂದು ಗೊತ್ತಾದರೆ ಅದೇ ದಿನ ಇಳಿಸಬೇಕು, ಸೋಂಕೇ ಇಲ್ಲವೆಂದಾದರೆ ನಿಲ್ಲಿಸಬೇಕು. ವರದಿಗಾಗಿ ಲ್ಯಾಬಿನ ಬೆನ್ನುಹತ್ತಿ, ಬಂದದ್ದನ್ನು ಹಾಸಿಗೆಯವರೆಗೆ ತರುವವರಿದ್ದರೆ ಇದು ಆಗುತ್ತದೆ. ಆಗ ಹೊಲ ಅಡವಿಟ್ಟು ಬಂದ ಕುಟುಂಬದ ಬಿಲ್ಲೂ ಇಳಿಯುತ್ತದೆ, ಔಷಧಕ್ಕೆ ಬಗ್ಗದ ರೋಗಾಣು ಪಕ್ಕದ ಹಾಸಿಗೆಗೆ ದಾಟುವುದೂ ತಗ್ಗುತ್ತದೆ.

ನಿಮ್ಮ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಬಂದರೆ ಅವರು ನುಂಗುವ ಎಲ್ಲ ಗುಳಿಗೆಗಳನ್ನೂ, ಖಾಲಿ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ. ವಿಷದ ಪ್ರಕರಣವಾದರೆ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ತನ್ನಿ, ಆಗದಿದ್ದರೆ ಅದರ ಚೀಟಿಯ ಫೋಟೋ ತೆಗೆದುಕೊಳ್ಳಿ. ಹಿಂದೆ ಯಾವ ಸೂಜಿಗೆ ಮೈ ದದ್ದೆದ್ದಿತ್ತು, ಉಸಿರು ಕಟ್ಟಿತ್ತು ಎಂಬುದನ್ನು ಮರೆಯದೆ ಹೇಳಿ. ಔಷಧದಿಂದ ಅಡ್ಡ ಪರಿಣಾಮವಾಯಿತೆಂಬ ಅನುಮಾನ ಬಂದರೆ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಸಂಖ್ಯೆಗೆ ನೀವೇ ಕರೆ ಮಾಡಿ ತಿಳಿಸಬಹುದು. ಅದಕ್ಕೂ ದುಡ್ಡಿಲ್ಲ.

1997ರಲ್ಲಿ ರಾಯಚೂರಿನಿಂದ ಬೇರೆಯಾದ ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯ ಹೊತ್ತಿಗೇ ಹದಿಮೂರು ಲಕ್ಷಕ್ಕೂ ಹೆಚ್ಚು ಜನರಿದ್ದರು. 2015ರಿಂದ ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕೊರೋನಾ ಕಾಲದಲ್ಲಿ ರಾಜ್ಯದ ಸಣ್ಣ ಊರುಗಳ ಆಸ್ಪತ್ರೆಗಳಿಗೂ ವೆಂಟಿಲೇಟರುಗಳು ಬಂದವು. ಆದರೆ ನಮ್ಮ ರಾಜ್ಯದ ಬಹುಪಾಲು ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಎಂದರೆ ಇಂದಿಗೂ ಕಿಟಕಿಯ ಹಿಂದೆ ಔಷಧ ಕೊಡುವ, ಉಗ್ರಾಣದ ಪುಸ್ತಕ ಬರೆಯುವ ಹುದ್ದೆ. ಅದು ಬೇಕೇ ಬೇಕಾದ ಕೆಲಸ. ಅದರ ಜೊತೆಗೆ ಹಾಸಿಗೆಯ ಪಕ್ಕದ ಹುದ್ದೆಯೂ ಬೇಕು. ಇತ್ತ ನಮ್ಮದೇ ತಾಲ್ಲೂಕುಗಳ ಮಕ್ಕಳು ಫಾರ್ಮ್.ಡಿ ಮುಗಿಸಿ, ವಾರ್ಡಿನಲ್ಲಿ ಕೆಲಸ ಸಿಗದೆ, ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿ ಪರದೆಯ ಮುಂದೆ ಅಡ್ಡ ಪರಿಣಾಮಗಳ ವರದಿ ತುಂಬುತ್ತ ಕೂತಿದ್ದಾರೆ. ಅವರಲ್ಲಿ ಹಲವರು ಊರಿಗೆ ಬರಲು ಸಿದ್ಧರಿದ್ದಾರೆ, ನನ್ನೊಂದಿಗೆ ಹೇಳಿಕೊಂಡಿದ್ದಾರೆ.

ಬ್ರಿಟನ್ನಿನ ತೀವ್ರ ನಿಗಾ ಮಾನದಂಡದಂತೆ ವೆಂಟಿಲೇಟರ್ ಮಟ್ಟದ ಹತ್ತು ಹಾಸಿಗೆಗೆ ಒಬ್ಬ ಫಾರ್ಮಸಿಸ್ಟ್ ಇರಬೇಕು. ನಾವು ಅಷ್ಟರಿಂದಲೇ ಶುರು ಮಾಡೋಣ. ಕೊಪ್ಪಳದ ಸರ್ಕಾರಿ ಐಸಿಯುಗಳಲ್ಲಿ ಪ್ರತಿ ಹತ್ತು ಹಾಸಿಗೆಗೆ ಒಬ್ಬ ಕ್ಲಿನಿಕಲ್ ಫಾರ್ಮಸಿಸ್ಟ್ ಇರಲಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಡಾಕ್ಟರು ಮತ್ತು ಸಿಸ್ಟರುಗಳು ರಾತ್ರಿ ಎರಡಕ್ಕೂ ಕರೆ ಮಾಡಿ ಡೋಸ್ ಕೇಳಬಹುದಾದ ಒಂದು ಫೋನ್ ಅವರ ಕೈಯಲ್ಲಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ, ಮಂಜೂರಾದ ಹುದ್ದೆ ಬೇಕು. ನಿಮ್ಮ ಶಾಸಕರು ಆಸ್ಪತ್ರೆ ನೋಡಲು ಬಂದಾಗ, ತಾಲ್ಲೂಕು ಪಂಚಾಯ್ತಿಯ ಸಭೆ ನಡೆದಾಗ, ನಿಮ್ಮವರೊಬ್ಬರು ಐಸಿಯುಗೆ ಸೇರಿದಾಗ, ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳಿ: ‘ಇಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಅದಾರೇನ್ರಿ?’ ಇಲ್ಲವೆಂದರೆ, ಯಾವಾಗ ಬರುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ.